ಜಿಸಿಸಿ 13ಕ್ಕೆ ಬಂದ ಮೇಲೆ 1,846 ವಾರ್ನಿಂಗ್: ಸಿಮೇಕ್‌ನಲ್ಲಿ ಫ್ಲ್ಯಾಗ್‌ಗಳನ್ನ ಎಲ್ಲಿ ಇಡೋದು?

ನೀರ್‌ಮೀಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಮಾಡ್ತೀನಿ, ತಂಡದಲ್ಲಿ ನಾನೇ ಕಿರಿಯಳು. ಅಪಾರ್ಟ್‌ಮೆಂಟ್‌ಗಳ ನೀರಿನ ಮೀಟರ್‌ಗಳಿಂದ ಗಂಟೆಗೊಮ್ಮೆ ರೀಡಿಂಗ್ ತಗೊಂಡು ಸಿಮ್ ಕಾರ್ಡ್ ಮೂಲಕ ಸರ್ವರ್‌ಗೆ ಕಳಿಸೋ ಗೇಟ್‌ವೇ ಪೆಟ್ಟಿಗೆ ನಮ್ಮದು. ಒಳಗಡೆ ಆರ್ಮ್ ಬೋರ್ಡ್, ಅದರ ಮೇಲೆ ಲಿನಕ್ಸ್. ಕೋಡ್ ಅರ್ಧ ಸಿ, ಅರ್ಧ ಸಿ ಪ್ಲಸ್ ಪ್ಲಸ್. ಬಿಲ್ಡ್‌ಗೆ, ಅಂದ್ರೆ ಕೋಡಿಂದ ಓಡೋ ಪ್ರೋಗ್ರಾಂ ಮಾಡೋಕೆ, ಸಿಮೇಕ್ ಮತ್ತು ನಿಂಜಾ.

ಇಷ್ಟು ದಿನ ಎಲ್ಲ ಉಬುಂಟು 20.04ರಲ್ಲಿತ್ತು, ಕಂಪೈಲರ್ ಜಿಸಿಸಿ 9. ಹೋದ ವಾರ ಬಿಲ್ಡ್ ಮಷೀನು, ಬೋರ್ಡಿನ ಲಿನಕ್ಸು ಎರಡನ್ನೂ 24.04ಕ್ಕೆ ತಂದ್ವಿ. ಕಂಪೈಲರ್ ಜಿಸಿಸಿ 13 ಆಯ್ತು. ಮೊದಲ ಬಿಲ್ಡೇ ನಿಂತುಹೋಯ್ತು. ಆರು ಫೈಲುಗಳಲ್ಲಿ ‘ಯುಇಂಟ್32_ಟಿ ಅಂದ್ರೆ ಏನು’ ಅಂತ ಕೇಳ್ತು. ಸಿಎಸ್‌ಟಿಡಿಇಂಟ್ ಹೆಡರ್ ಅನ್ನು ನಾವೇ ಸೇರಿಸ್ಕೋಬೇಕಿತ್ತು, ಮೊದಲು ಬೇರೆ ಹೆಡರ್‌ಗಳ ಬೆನ್ನಿಗೆ ಬರ್ತಿತ್ತು, ಈಗ ಬರಲ್ಲ. ಅದನ್ನ ಸರಿ ಮಾಡಿದೆ.

ಉಳಿದದ್ದೇ ದೊಡ್ಡದು. ಮೇಲಿನ ಸಿಮೇಕ್‌ಲಿಸ್ಟ್ಸ್ ಫೈಲಿನಲ್ಲಿ ಯಾರೋ ವರ್ಷಗಳ ಹಿಂದೆ ಬರೆದಿಟ್ಟ ಒಂದು ಉದ್ದದ ಸಾಲಿದೆ. ಸಿಮೇಕ್_ಸಿ_ಫ್ಲ್ಯಾಗ್ಸ್‌ಗೆ ವಾರ್ನಿಂಗ್‌ಗಳನ್ನ ಆನ್ ಮಾಡೋ ಡಬ್ಲ್ಯೂ-ಆಲ್, ಡಬ್ಲ್ಯೂ-ಎಕ್ಸ್‌ಟ್ರಾ, ಡಬ್ಲ್ಯೂ-ಪೆಡಾಂಟಿಕ್, ವಾರ್ನಿಂಗ್ ಬಂದ್ರೆ ಅದನ್ನ ಎರರ್ ಮಾಡಿ ಬಿಲ್ಡ್ ನಿಲ್ಲಿಸೋ ಡಬ್ಲ್ಯೂ-ಎರರ್, ಅದರ ಹಿಂದೆ ಒಂದೊಂದು ವಾರ್ನಿಂಗನ್ನ ಆಫ್ ಮಾಡೋ 23 ಡಬ್ಲ್ಯೂ-ನೋ ಫ್ಲ್ಯಾಗ್‌ಗಳು. ಯಾವುದು ಯಾಕೆ ಅಂತ ಒಂದು ಕಾಮೆಂಟ್ ಇಲ್ಲ. ಬರೆದವರು ಕಂಪನಿ ಬಿಟ್ಟು ಹೋಗಿದ್ದಾರೆ. ಡಬ್ಲ್ಯೂ-ಎರರ್ ತೆಗೆದು ಬಿಲ್ಡ್ ಮಾಡಿದ್ರೆ 1,846 ವಾರ್ನಿಂಗ್ ಬರ್ತವೆ.

ಅಷ್ಟಾದ್ರೂ ಒಂದು ಫೈಲ್ ಮಾತ್ರ ಏನು ಮಾಡಿದ್ರೂ ಕಂಪೈಲ್ ಆಗ್ತಿಲ್ಲ. ಸ್ಟ್ರಿಂಗ್ ಕಾಪಿ ಮಾಡೋಕೆ ನಮ್ಮದೇ ಒಂದು ಸ್ಟ್ರ್‌ಎಲ್‌ಸಿಪಿವೈ ಫಂಕ್ಷನ್ ಇದೆ, ಸಿಸ್ಟಂನಲ್ಲಿ ಅದು ಇಲ್ಲದಿದ್ರೆ ಮಾತ್ರ ನಮ್ಮದನ್ನ ಬಳಸೋ ಹಾಗೆ ಸಿಮೇಕ್‌ನಲ್ಲಿ ಪರೀಕ್ಷೆ ಬರೆದಿದ್ದಾರೆ. ಹೊಸ ಉಬುಂಟುವಿನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ಆ ಫಂಕ್ಷನ್ ಇದೆ, ಹೆಡರ್ ತೆಗೆದು ಕಣ್ಣಾರೆ ನೋಡಿದೆ. ಆದ್ರೂ ಸಿಮೇಕ್ ‘ಸಿಗಲಿಲ್ಲ’ ಅನ್ನುತ್ತೆ, ನಮ್ಮದನ್ನೂ ಸೇರಿಸುತ್ತೆ, ಎರಡೂ ಡಿಕ್ಕಿ ಹೊಡೀತವೆ.

ಲೀಡ್ ಹೇಳಿದ್ದು: ‘ರಿಲೀಸ್‌ಗೆ ಹದಿನೈದು ದಿನ ಇದೆ, ಎಲ್ಲದಕ್ಕೂ ಸ್ಮಾಲ್ ಡಬ್ಲ್ಯೂ ಹಾಕಿಬಿಡು, ಆಮೇಲೆ ನೋಡೋಣ.’ ಸ್ಮಾಲ್ ಡಬ್ಲ್ಯೂ ಹಾಕಿದ್ರೆ ಒಂದು ವಾರ್ನಿಂಗೂ ಬರಲ್ಲ ಅಂತ ಗೊತ್ತು. ಆದ್ರೆ ನಮ್ಮಲ್ಲಿ ಆಮೇಲೆ ಅಂದದ್ದು ಯಾವತ್ತೂ ಬಂದಿಲ್ಲ. ನಂಗೆ ಅದನ್ನ ಹಾಕೋಕೆ ಕೈ ಬರ್ತಿಲ್ಲ.

ಫ್ಲ್ಯಾಗ್‌ಗಳನ್ನ ಎಲ್ಲಿ ಇಡಬೇಕು? ಡಬ್ಲ್ಯೂ-ಎರರ್ ಇರಬೇಕಾ ಬೇಡ್ವಾ? ಮೋಡೆಮ್ ಕಂಪನಿ ಕೊಟ್ಟಿರೋ ಎಸ್‌ಡಿಕೆ (ಮೋಡೆಮ್ ಬಳಸೋಕೆ ಬೇಕಾದ ಅವರ ಕೋಡು) ಒಂದಿದೆ, ಅರ್ಧಕ್ಕರ್ಧ ವಾರ್ನಿಂಗ್ ಅದರಿಂದಲೇ ಇರಬೇಕು. ಅದನ್ನ ಹೇಗೆ ಸುಮ್ಮನಿರಿಸೋದು? ಅನುಭವ ಇರೋರು ದಯವಿಟ್ಟು ಹೇಳಿ.

ಸೊನ್ನೆ_ವಾರ್ನಿಂಗ್

ಡಬ್ಲ್ಯೂ-ಎರರ್ ತೆಗೀಬೇಡಿ. ಒಮ್ಮೆ ತೆಗೆದರೆ ಮತ್ತೆ ಯಾರೂ ಹಾಕಲ್ಲ. ನಾಲ್ಕು ಜನ ಒಂದು ವಾರ ಕೂತು 1,846ನ್ನೂ ಸರಿ ಮಾಡಿ, ಆಮೇಲೆ ನೆಮ್ಮದಿಯಾಗಿರಿ. ನಾವು ಹಾಗೇ ಮಾಡಿದ್ದು.

ಹಳೇ_ಮೇಕ್‌ಫೈಲ್

ಮೇಲಿನವರ ಕಾಳಜಿ ಸರಿ, ದಾರಿ ಸರಿಯಲ್ಲ. ರಿಲೀಸ್‌ಗೆ ಹದಿನೈದು ದಿನ ಇರುವಾಗ ನಾಲ್ಕು ಜನ ಸೇರಿ ಸಾವಿರಾರು ಸಾಲು ಮುಟ್ಟಿದರೆ ಹೊಸ ತಪ್ಪುಗಳು ಹುಟ್ಟುತ್ತವೆ. ವಾರ್ನಿಂಗ್ ಬಾಯಿ ಮುಚ್ಚಿಸಲೆಂದೇ ಎಲ್ಲೆಂದರಲ್ಲಿ ಕಾಸ್ಟ್ (ಟೈಪನ್ನು ಬಲವಂತವಾಗಿ ಬದಲಿಸುವುದು) ತುರುಕಿದ ಕೋಡು ಮೊದಲಿದ್ದದ್ದಕ್ಕಿಂತ ಕೆಟ್ಟದು, ಯಾಕೆಂದರೆ ಆಮೇಲೆ ಕಂಪೈಲರಿಗೂ ಆ ತಪ್ಪು ಕಾಣಿಸುವುದಿಲ್ಲ.

ಸ್ಮಾಲ್ ಡಬ್ಲ್ಯೂ ಹಾಕಲು ನಿಮಗೆ ಕೈ ಬರಲಿಲ್ಲವಲ್ಲ, ಅದು ಬಹಳ ಒಳ್ಳೆಯದಾಯಿತು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

2019ರಲ್ಲಿ ನಾನು ಪೀಣ್ಯದಲ್ಲಿದ್ದೆ. ಹಳ್ಳಿಯ ಹಾಲಿನ ಡೈರಿಗಳಿಗೆ ಪೆಟ್ಟಿಗೆ ಮಾಡುತ್ತಿದ್ದೆವು. ತೂಕದ ಯಂತ್ರದಿಂದ ಹಾಲಿನ ತೂಕ, ಅನಲೈಜರ್‌ನಿಂದ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ತೆಗೆದುಕೊಂಡು, ದರಪಟ್ಟಿ ನೋಡಿ ಲೆಕ್ಕ ಹಾಕಿ, ಹಾಲು ಹಾಕಿದವರ ಕೈಗೆ ಚೀಟಿ ಕೊಡುವ ಪೆಟ್ಟಿಗೆ. ಮೊದಲು ಅದರೊಳಗೆ ಇಂಟೆಲ್ ಬೋರ್ಡ್ ಇತ್ತು. ಆ ವರ್ಷ ಅಗ್ಗದ ಆರ್ಮ್ ಬೋರ್ಡಿಗೆ ಹೋದೆವು. ಕೋಡು ಅದೇ, ಕ್ರಾಸ್ ಕಂಪೈಲರ್ ಮಾತ್ರ ಬೇರೆ. ಕಂಪೈಲ್ ಆಯಿತು, ಆಫೀಸಿನ ಮೇಜಿನ ಮೇಲೆ ಎರಡು ವಾರ ಓಡಿತು, ಕಳಿಸಿದೆವು.

ಒಂದು ದಿನ ಬೆಳಗ್ಗೆ ಆರಕ್ಕೆ ಚನ್ನರಾಯಪಟ್ಟಣದ ಕಡೆಯ ಒಂದು ಸಂಘದ ಕಾರ್ಯದರ್ಶಿಯಿಂದ ಫೋನು. ಪೆಟ್ಟಿಗೆ ‘ದರಪಟ್ಟಿ ಓದುತ್ತಿದೆ’ ಅನ್ನುವಲ್ಲೇ ನಿಂತಿದೆ. ಹಿಂದೆ ಕ್ಯಾನುಗಳ ಸದ್ದು, ಜನರ ಮಾತು ಎಲ್ಲ ಕೇಳಿಸುತ್ತಿತ್ತು. ಆಫ್ ಮಾಡಿ ಆನ್ ಮಾಡಿಸಿದೆ, ಮತ್ತೆ ಅಲ್ಲೇ. ಹಾಲಿನ ಲಾರಿ ಬರುವ ಹೊತ್ತು, ಅವರು ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹಾಲು ತೆಗೆದುಕೊಂಡರು. ಬೇರೆ ಯಾವ ಊರಿನಿಂದಲೂ ದೂರಿಲ್ಲ, ಇದೊಂದೇ ಊರು.

ಮರುದಿನ ಅಲ್ಲಿಗೇ ಹೋಗಿ ಅವರ ಪೆನ್‌ಡ್ರೈವ್ ತೆಗೆದು ನೋಡಿದೆ. ಹೊಸ ದರಪಟ್ಟಿಯ ಫೈಲನ್ನು ಯಾರೋ ನೋಟ್‌ಪ್ಯಾಡಿನಲ್ಲಿ ತಿದ್ದಿದ್ದರು. ಕೊನೆಯ ಸಾಲಿನ ಕೊನೆಗೆ ಎಂಟರ್ ಒತ್ತಿರಲಿಲ್ಲ, ಅಷ್ಟೇ. ನಮ್ಮ ಕೋಡಿನಲ್ಲಿ ‘ಸಿ’ ಅಂತ ಒಂದು ಕ್ಯಾರ್ ವೇರಿಯಬಲ್. ಎಫ್‌ಗೆಟ್‌ಸಿ ಕೊಟ್ಟದ್ದನ್ನು ಅದರೊಳಗೆ ಹಾಕಿಕೊಂಡು, ಸಾಲು ಮುಗಿಯುವ ತನಕ ಅಥವಾ ಇಒಎಫ್ (ಫೈಲ್ ಮುಗಿಯಿತೆಂಬ ಗುರುತು) ಬರುವ ತನಕ ಓದುವ ಲೂಪು. ಎಫ್‌ಗೆಟ್‌ಸಿ ಕೊಡುವುದು ಇಂಟ್, ಫೈಲ್ ಮುಗಿದರೆ ಮೈನಸ್ 1. ಇಂಟೆಲ್‌ನಲ್ಲಿ ಕ್ಯಾರ್ ಸೈನ್ಡ್, ಅಂದರೆ ಮೈನಸ್ ಸಂಖ್ಯೆಯೂ ಹಿಡಿಸುತ್ತದೆ, ಹಾಗಾಗಿ ಮೈನಸ್ 1 ಮೈನಸ್ 1 ಆಗಿಯೇ ಉಳಿಯುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ಕ್ಯಾರ್ ಅನ್‌ಸೈನ್ಡ್. ಮೈನಸ್ 1 ಅಲ್ಲಿ 255 ಆಗಿಬಿಡುತ್ತದೆ. 255 ಎಂದಿಗೂ ಮೈನಸ್ 1ಕ್ಕೆ ಸಮ ಆಗದು, ಲೂಪು ಎಂದಿಗೂ ಮುಗಿಯದು. ಬಫರ್ ಮೀರಿ ಬರೆಯದಂತೆ ಕಾವಲಿತ್ತು, ಹಾಗಾಗಿ ಕ್ರ್ಯಾಶ್ ಕೂಡ ಆಗದೆ ಸುಮ್ಮನೆ ಸುತ್ತುತ್ತಲೇ ಇತ್ತು. ಬೇರೆ ಊರುಗಳ ಫೈಲುಗಳಲ್ಲಿ ಕೊನೆಯ ಸಾಲೂ ಎಂಟರ್‌ನಿಂದ ಮುಗಿಯುತ್ತಿತ್ತು, ಅದರ ಕೆಳಗೆ ಒಂದು ಖಾಲಿ ಸಾಲೂ ಇರುತ್ತಿತ್ತು, ಅದು ಕಂಡ ಕೂಡಲೇ ಓದುವುದು ನಿಲ್ಲುತ್ತಿತ್ತು, ಇಒಎಫ್ ತನಕ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ಆಫೀಸಿಗೆ ಬಂದು ಆ ಆವೃತ್ತಿಯ ಬಿಲ್ಡ್ ಲಾಗ್ ತೆಗೆದೆ. ಸಾವಿರಗಟ್ಟಲೆ ಸಾಲು. ಮಧ್ಯದಲ್ಲೆಲ್ಲೋ ಆ ಫೈಲಿನ ಹೆಸರು, ಅದೇ ಸಾಲಿನ ನಂಬರು, ಪಕ್ಕದಲ್ಲಿ ಜಿಸಿಸಿ ಹೇಳಿತ್ತು: ಈ ಟೈಪಿನ ಮಿತಿಯಿಂದಾಗಿ ಈ ಹೋಲಿಕೆ ಯಾವಾಗಲೂ ನಿಜವಾಗಿರುತ್ತದೆ. ಚೌಕ ಕಂಸದಲ್ಲಿ ಡಬ್ಲ್ಯೂ-ಟೈಪ್-ಲಿಮಿಟ್ಸ್. ಕಂಪೈಲರ್ ಹೇಳಿತ್ತು, ಪ್ರತಿ ರಾತ್ರಿಯ ಬಿಲ್ಡ್‌ನಲ್ಲೂ ಹೇಳುತ್ತಲೇ ಇತ್ತು. ಅದರ ಮೇಲೆ ಬಳಸದ ಪ್ಯಾರಾಮೀಟರ್‌ಗಳ ಬಗ್ಗೆ ನೂರಾರು ಸಾಲು, ಕೆಳಗೆ ಎಸ್‌ಡಿಕೆಯ ಹೆಡರ್‌ಗಳ ಬಗ್ಗೆ ನೂರಾರು ಸಾಲು. ನಾವು ಯಾರೂ ಓದಿರಲಿಲ್ಲ. ಆ ಬೆಳಗಿನ ಕ್ಯಾನುಗಳ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ.

ಮೊದಲು ಎಣಿಸಿ. ಬಿಲ್ಡ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿ, ನಿಂಜಾಗೆ ಮೈನಸ್-ಕೆ ಸೊನ್ನೆ (ಎರರ್ ಬಂದರೂ ನಿಲ್ಲಬೇಡ ಅಂತ) ಕೊಟ್ಟು ಎಲ್ಲವನ್ನೂ ಕಂಪೈಲ್ ಮಾಡಿಸಿ, ಲಾಗನ್ನು ಫೈಲಿಗೆ ಹಾಕಿಕೊಳ್ಳಿ. ಪೂರ್ತಿ ಅಳಿಸುವುದು ಮುಖ್ಯ. ಬದಲಾಗದ ಫೈಲು ಮತ್ತೆ ಕಂಪೈಲ್ ಆಗುವುದಿಲ್ಲ, ಅದರ ವಾರ್ನಿಂಗೂ ಮತ್ತೆ ಬರುವುದಿಲ್ಲ. ದಿನವಿಡೀ ಕೆಲಸ ಮಾಡುವವರ ಸ್ಕ್ರೀನು ಶುಭ್ರವಾಗಿ ಕಾಣುವುದು ಇದೇ ಕಾರಣಕ್ಕೆ. ಆಮೇಲೆ ವಾರ್ನಿಂಗ್ ಸಾಲುಗಳನ್ನು ಗ್ರೆಪ್ ಮಾಡಿ ಹೆಕ್ಕಿ, ಒಂದೇ ಥರದ ಸಾಲುಗಳು ಒಂದಾಗುವಂತೆ ಸಾರ್ಟ್ ಮೈನಸ್-ಯು ಹಾಕಿ. ಒಂದು ಹೆಡರಿನಲ್ಲಿರುವ ಒಂದು ವಾರ್ನಿಂಗ್, ಆ ಹೆಡರ್ ಸೇರಿಸಿಕೊಂಡ ಪ್ರತಿ ಫೈಲಿಗೂ ಒಮ್ಮೆ ಬಂದಿರುತ್ತದೆ. ನಿಮ್ಮ 1,846 ಅಲ್ಲೇ ಬಹಳ ಇಳಿಯುತ್ತದೆ. ಉಳಿದದ್ದನ್ನು ಸಾಲಿನ ಕೊನೆಯ ಚೌಕ ಕಂಸದ ಹೆಸರಿನ ಪ್ರಕಾರ ಸಾರ್ಟ್ ಮಾಡಿ ಎಣಿಸಿ, ಯೂನಿಕ್ ಮೈನಸ್-ಸಿ ಸಾಕು. ಆ ಪಟ್ಟಿಯನ್ನು ಒಂದು ಹಾಳೆಯಲ್ಲಿ ನಿಮ್ಮ ಲೀಡ್ ಮುಂದೆ ಇಟ್ಟರೆ ಮಾತುಕತೆಯ ರೀತಿಯೇ ಬೇರೆಯಾಗುತ್ತದೆ.

ಎರಡನೆಯದು ಎಸ್‌ಡಿಕೆ. ಅದರ ಹೆಡರ್‌ಗಳಿಗೆ ಟಾರ್ಗೆಟ್_ಇನ್‌ಕ್ಲೂಡ್_ಡೈರೆಕ್ಟರೀಸ್‌ನಲ್ಲಿ ಸಿಸ್ಟಂ ಅನ್ನುವ ಪದ ಸೇರಿಸಿ. ಆಗ ಸಿಮೇಕ್ ಐ ಬದಲು ಐಸಿಸ್ಟಂ ಎಂದು ಕೊಡುತ್ತದೆ, ಆ ಹೆಡರ್‌ಗಳ ವಾರ್ನಿಂಗ್‌ಗಳನ್ನು ಜಿಸಿಸಿ ತೋರಿಸುವುದಿಲ್ಲ. ಎಸ್‌ಡಿಕೆಯ ಸಿ ಫೈಲುಗಳನ್ನು ನೀವೇ ಕಂಪೈಲ್ ಮಾಡುತ್ತಿದ್ದರೆ ಅವನ್ನು ಪ್ರತ್ಯೇಕ ಸ್ಟ್ಯಾಟಿಕ್ ಲೈಬ್ರರಿ ಮಾಡಿ. ಆ ಒಂದು ಟಾರ್ಗೆಟ್‌ಗೆ (ಸಿಮೇಕ್ ಕಟ್ಟುವ ಒಂದೊಂದು ಲೈಬ್ರರಿ ಅಥವಾ ಪ್ರೋಗ್ರಾಂ) ಮಾತ್ರ, ಪ್ರೈವೇಟ್ ಆಗಿ, ಸ್ಮಾಲ್ ಡಬ್ಲ್ಯೂ ಹಾಕಿ. ಸ್ಮಾಲ್ ಡಬ್ಲ್ಯೂಗೆ ಜಾಗ ಇರುವುದು ಅಲ್ಲಿ. 24.04ರ ಸಿಮೇಕ್ 3.28, ಆದ್ದರಿಂದ ಆ್ಯಡ್_ಸಬ್‌ಡೈರೆಕ್ಟರಿಗೂ ಫೆಚ್‌ಕಂಟೆಂಟ್‌ಗೂ ಸಿಸ್ಟಂ ಅನ್ನುವುದನ್ನು ನೇರ ಕೊಡಬಹುದು, 3.25ರಿಂದ ಬಂದಿದೆ.

ಮೂರನೆಯದು ನಿಮ್ಮ ಆ ಉದ್ದದ ಸಾಲು. ಸಿಮೇಕ್_ಸಿ_ಫ್ಲ್ಯಾಗ್ಸ್‌ನಲ್ಲಿ ಹಾಕಿದ್ದು ಊರೆಲ್ಲ ಹರಡುತ್ತದೆ: ನಿಮ್ಮ ಕೋಡಿಗೆ, ಎಸ್‌ಡಿಕೆಗೆ, ಜೊತೆಗೆ ಸಿಮೇಕ್ ಒಳಗೊಳಗೇ ಮಾಡುವ ಪರೀಕ್ಷೆಗಳಿಗೂ. ನಿಮ್ಮ ಸ್ಟ್ರ್‌ಎಲ್‌ಸಿಪಿವೈ ಒಗಟು ಇದೇ ಅಂತ ನನ್ನ ಊಹೆ. ನಿಮ್ಮವರು ಆ ಪರೀಕ್ಷೆಯನ್ನು ಚೆಕ್_ಸಿ_ಸೋರ್ಸ್_ಕಂಪೈಲ್ಸ್‌ನಿಂದ ಬರೆದಿದ್ದರೆ, ಅವರು ಕೊಟ್ಟ ಪುಟ್ಟದೊಂದು ಸಿ ಪ್ರೋಗ್ರಾಂ ಅನ್ನು ಸಿಮೇಕ್ ಕಂಪೈಲ್ ಮಾಡಿ ನೋಡುತ್ತದೆ. ಅದರಲ್ಲಿ ಫಂಕ್ಷನ್ನಿನ ವಿಳಾಸವನ್ನು ಇಂಟ್ ಪಾಯಿಂಟರ್‌ಗೆ ಕಾಸ್ಟ್ ಮಾಡುವ ಸಾಲಿರಬೇಕು. ಪೆಡಾಂಟಿಕ್ ಅದಕ್ಕೆ ಆಕ್ಷೇಪ ಎತ್ತುತ್ತದೆ, ಡಬ್ಲ್ಯೂ-ಎರರ್ ಆ ಆಕ್ಷೇಪವನ್ನು ಎರರ್ ಮಾಡುತ್ತದೆ, ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ, ಸಿಮೇಕ್ ‘ಫಂಕ್ಷನ್ ಇಲ್ಲ’ ಎಂದು ತೀರ್ಮಾನಿಸುತ್ತದೆ. ಹಳೆಯ ಉಬುಂಟುವಿನಲ್ಲಿ ಫಂಕ್ಷನ್ ನಿಜವಾಗಿಯೂ ಇರಲಿಲ್ಲ, ತಪ್ಪು ಪರೀಕ್ಷೆಯೂ ಸರಿ ಉತ್ತರವನ್ನೇ ಕೊಟ್ಟಿತು. ಜಿಲಿಬ್‌ಸಿ 2.38ರಲ್ಲಿ ಅದು ಬಂತು, ಈಗ ಗುಟ್ಟು ರಟ್ಟಾಯಿತು. ಡಬ್ಲ್ಯೂ-ಎರರ್ ತೆಗೆದ ಮೇಲೂ ಹಾಗೇ ಆಗುತ್ತಿರುವುದು ಯಾಕೆಂದರೆ, ಮೊದಲ ಸಲದ ಉತ್ತರ ಸಿಮೇಕ್‌ಕ್ಯಾಶ್ ಫೈಲಿನಲ್ಲಿ ಕೂತಿದೆ. ಬಿಲ್ಡ್ ಡೈರೆಕ್ಟರಿ ಅಳಿಸುವ ಮೊದಲು ಒಳಗಿನ ಸಿಮೇಕ್‌ಫೈಲ್ಸ್ ಫೋಲ್ಡರಿನ ಸಿಮೇಕ್‌ಕಾನ್ಫಿಗರ್‌ಲಾಗ್ ತೆರೆದು ನೋಡಿ, ಆ ಪುಟ್ಟ ಪ್ರೋಗ್ರಾಮೂ ಅದರ ಎರರೂ ಪೂರ್ತಿಯಾಗಿ ಅಲ್ಲಿರುತ್ತವೆ.

ಫ್ಲ್ಯಾಗ್‌ಗಳಿಗೆ ಒಂದು ಇಂಟರ್‌ಫೇಸ್ ಲೈಬ್ರರಿ (ಒಳಗೆ ಕೋಡಿಲ್ಲದೆ ಫ್ಲ್ಯಾಗ್‌ಗಳನ್ನಷ್ಟೇ ಹೊರುವಂಥದು) ಮಾಡಿ, ಹೆಸರು ‘ನಮ್ಮ_ವಾರ್ನಿಂಗ್ಸ್’ ಅಂತಿರಲಿ. ಟಾರ್ಗೆಟ್_ಕಂಪೈಲ್_ಆಪ್ಷನ್ಸ್‌ನಿಂದ ಡಬ್ಲ್ಯೂ-ಆಲ್, ಡಬ್ಲ್ಯೂ-ಎಕ್ಸ್‌ಟ್ರಾ ಅದಕ್ಕೆ ಸೇರಿಸಿ. ನಿಮ್ಮ ಸ್ವಂತ ಟಾರ್ಗೆಟ್‌ಗಳಿಗೆ ಮಾತ್ರ ಅದನ್ನು ಪ್ರೈವೇಟ್ ಆಗಿ ಲಿಂಕ್ ಮಾಡಿ. ಪಬ್ಲಿಕ್ ಅಂದರೆ ನಿಮ್ಮ ಲೈಬ್ರರಿ ಬಳಸುವ ಎಲ್ಲರ ಮೇಲೂ ನಿಮ್ಮ ಫ್ಲ್ಯಾಗ್ ಬೀಳುತ್ತದೆ. ಹೀಗೆ ಮಾಡಿದರೆ ಸಿಮೇಕ್‌ನ ಪರೀಕ್ಷಾ ಪ್ರೋಗ್ರಾಂಗಳಿಗೂ ಅದು ತಾಗುವುದಿಲ್ಲ, ಅವು ನಿಮ್ಮ ಟಾರ್ಗೆಟ್‌ಗಳಲ್ಲವಲ್ಲ.

ಡಬ್ಲ್ಯೂ-ಎರರ್ ಬೇಕು, ಆದರೆ ಸಿಮೇಕ್‌ಲಿಸ್ಟ್ಸ್ ಒಳಗೆ ಎಲ್ಲದಕ್ಕೂ ಮೊಳೆ ಹೊಡೆದು ಕೂರಿಸುವುದಲ್ಲ. 3.24ರಿಂದ ಕಂಪೈಲ್_ವಾರ್ನಿಂಗ್_ಆಸ್_ಎರರ್ ಅನ್ನುವ ಪ್ರಾಪರ್ಟಿ ಪ್ರತಿ ಟಾರ್ಗೆಟ್‌ಗೂ ಇದೆ. ಯಾವ ಟಾರ್ಗೆಟ್ ಪೂರ್ತಿ ಶುದ್ಧವಾಯಿತೋ ಅದಕ್ಕೆ ಅದನ್ನು ಆನ್ ಮಾಡುತ್ತಾ ಹೋಗಿ. ಶುದ್ಧವಾದ ಕೋಣೆಗೆ ಮತ್ತೆ ಕಸ ಬರುವುದಿಲ್ಲ, ಉಳಿದ ಕೋಣೆಗಳಿಗೆ ಕಾಯುವ ಸಮಯ ಸಿಗುತ್ತದೆ. ಯಾರಾದರೂ ಹೊಸ ಕಂಪೈಲರ್ ಹಾಕಿ ಪ್ರಯೋಗ ಮಾಡುವಾಗ ಕಾನ್ಫಿಗರ್ ಕಮಾಂಡಿಗೆ ‘ಕಂಪೈಲ್-ನೋ-ವಾರ್ನಿಂಗ್-ಆಸ್-ಎರರ್’ ಕೊಟ್ಟರೆ ಒಂದೇ ಏಟಿಗೆ ಎಲ್ಲೆಡೆ ಆಫ್ ಆಗುತ್ತದೆ, ಫೈಲು ಮುಟ್ಟಬೇಕಿಲ್ಲ.

ರಿಲೀಸ್‌ಗೆ ಮೊದಲು ಎಲ್ಲವನ್ನೂ ಸರಿ ಮಾಡಲು ಹೋಗಬೇಡಿ. ಪಟ್ಟಿಯಲ್ಲಿ ಈ ಹೆಸರುಗಳಿದ್ದರೆ ಮಾತ್ರ ಒಂದೊಂದನ್ನೂ ತೆರೆದು ನೋಡಿ: ರಿಟರ್ನ್-ಟೈಪ್, ಫಾರ್ಮ್ಯಾಟ್, ಅನ್‌ಇನಿಷಿಯಲೈಸ್ಡ್, ಟೈಪ್-ಲಿಮಿಟ್ಸ್. ರಿಟರ್ನ್-ಟೈಪ್ ಬಗ್ಗೆ ಒಂದು ಮಾತು. ಸಿ ಪ್ಲಸ್ ಪ್ಲಸ್‌ನಲ್ಲಿ ಬೆಲೆ ಕೊಡಬೇಕಾದ ಫಂಕ್ಷನ್ ಏನೂ ಕೊಡದೆ ಕೊನೆ ಮುಟ್ಟಿದರೆ, ಜಿಸಿಸಿ 8ರಿಂದ ಈಚೆಗೆ ಆಪ್ಟಿಮೈಸರ್ ಆ ದಾರಿಗೆ ಯಾರೂ ಬರುವುದೇ ಇಲ್ಲ ಎಂದುಕೊಂಡು ರಿಟರ್ನ್ ಸೂಚನೆಯನ್ನೇ ಕಿತ್ತುಹಾಕುತ್ತದೆ. ಪ್ರೋಗ್ರಾಂ ಪಕ್ಕದ ಫಂಕ್ಷನ್ನಿನೊಳಗೆ ಜಾರಿ ಓಡತೊಡಗುತ್ತದೆ. ಇದನ್ನು ಮಾತ್ರ ಇವತ್ತೇ ಎರರ್ ಮಾಡಿ.

ಹುಬ್ಬಳ್ಳಿ_ಬಿಲ್ಡ್

ಹಳೇ ಮೇಕ್‌ಫೈಲ್ ಸರ್ ಹೇಳಿದ್ದು ಖರೇ ಐತ್ರಿ. ಎಲ್ಲಾದಕ್ಕೂ ಡಬ್ಲ್ಯೂ-ಎರರ್ ಹಾಕಿ ಕುಂತ್ರ ಏನಾಗತೈತಿ ಅನ್ನೂದು ಲಿನಕ್ಸ್ ಕರ್ನಲ್‌ದಾಗ ನೋಡೇವಿ. 2021ರ ಸೆಪ್ಟೆಂಬರ್‌ದಾಗ 5.15ರ ಹೊತ್ತಿಗೆ ಲಿನಸ್ ಟೋರ್ವಾಲ್ಡ್ಸ್ ಎಲ್ಲಾ ಬಿಲ್ಡಿಗೂ ಅದನ್ನ ಡಿಫಾಲ್ಟ್ ಮಾಡಿದ್ರು. ಬ್ಯಾರೆ ಬ್ಯಾರೆ ಆರ್ಕಿಟೆಕ್ಚರ್, ಬ್ಯಾರೆ ಬ್ಯಾರೆ ಕಂಪೈಲರ್ ಇದ್ದವರ ಬಿಲ್ಡ್ ಮುರದು ಬಿದ್ದೂವು. ಕೆಲವ ದಿನದಾಗ ಕಂಪೈಲ್-ಟೆಸ್ಟ್ ಬಿಲ್ಡಿಗಷ್ಟ, ಅಂದ್ರ ಕಂಪೈಲ್ ಆಗತೈತೇನು ಅಂತ ನೋಡಾಕಷ್ಟ ಮಾಡೂ ಬಿಲ್ಡಿಗಷ್ಟ, ಅದು ಡಿಫಾಲ್ಟ್ ಇರೂಹಂಗ ಬದಲಿ ಮಾಡಬೇಕಾತು. ಪರೀಕ್ಷೆ ಮಾಡವರಿಗೆ ಬಿಗಿ, ಬಳಸವರಿಗೆ ಸಡಿಲ. ನಿಮಗೂ ಅದ ಸರಿ.

ಜಿಸಿಸಿ ಪ್ರತಿ ಆವೃತ್ತಿಗೂ ಹೊಸಾ ವಾರ್ನಿಂಗ್ ಸೇರಿಸ್ತೈತ್ರಿ. 7ಕ್ಕ ಇಂಪ್ಲಿಸಿಟ್-ಫಾಲ್‌ಥ್ರೂ ಬಂತು, ಡಬ್ಲ್ಯೂ-ಎಕ್ಸ್‌ಟ್ರಾ ಒಳಗ. ಸ್ವಿಚ್‌ದಾಗ ಬ್ರೇಕ್ ಇಲ್ಲದ ಕೇಸ್ ಎಲ್ಲಾ ಎದ್ದು ಕುಂತೂವು. ನೀವು 9ರಿಂದ 13ಕ್ಕ ಹಾರೀರಿ, ನಾಕ ವರ್ಷದ್ದು ಒಮ್ಮೆಲೆ ಬಂದೈತಿ. ಮುಂದ 14ಕ್ಕ ಹೋಗೂ ಮುಂಚೆ ಒಂದ ನೆನಪಿಡ್ರಿ: ಸಿ ಭಾಷಾದಾಗ ಡಿಕ್ಲೇರ್ ಮಾಡದ ಫಂಕ್ಷನ್ ಕರದ್ರ, ಪಾಯಿಂಟರ್ ಟೈಪ್ ತಪ್ಪಿದ್ರ, ಅದರಾಗ ವಾರ್ನಿಂಗ್ ಅಲ್ಲ, ನೇರ ಎರರ್. ಈಗ ಬರೂ ಆ ವಾರ್ನಿಂಗ್ ಈಗ ಸರಿ ಮಾಡಿಕೊಳ್ರಿ.

ಇನ್ನ ನಿಮ್ಮ ಆ 23 ಡಬ್ಲ್ಯೂ-ನೋ. ಅದರಾಗ ಅರ್ಧ ಸತ್ತಿರತಾವ. ಜಿಸಿಸಿಗೆ ಗೊತ್ತಿಲ್ಲದ ಡಬ್ಲ್ಯೂ-ನೋ ಫ್ಲ್ಯಾಗ್ ಕೊಟ್ರ ಅದು ಸುಮ್ಮ ಇರತೈತಿ, ಮತ್ಯಾವುದರ ವಾರ್ನಿಂಗ್ ಬಂದಾಗಷ್ಟ ಬಾಯಿ ಬಿಡತೈತಿ. ಹಿಂಗಾಗಿ ಸಿಮೇಕ್‌ದಾಗ ‘ಈ ಡಬ್ಲ್ಯೂ-ನೋ ನಡೀತೈತೇನು’ ಅಂತ ಕೇಳಿದ್ರ ಯಾವಾಗಲೂ ಹೌದು ಅಂತೈತಿ. ನೋ ತಗದು ಸೀದಾ ಹೆಸರಿನಿಂದ ಕೇಳಬೇಕು. ಒಂದೊಂದ ತಗದು ನೋಡ್ರಿ ಅಕ್ಕಾರ, ಬ್ಯಾಸರ ಮಾಡಕೋಬ್ಯಾಡ್ರಿ.

ನೀರ್‌ಮೀಟರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಮೂರು ದಿನದ ವರದಿ ಇದು.

ಸ್ಟ್ರ್‌ಎಲ್‌ಸಿಪಿವೈ ನೀವು ಹೇಳಿದ ಹಾಗೇ ಇತ್ತು. ಲಾಗ್ ತೆರೆದ ಕೂಡಲೇ ಆ ಕಾಸ್ಟ್ ಸಾಲು, ಕೆಳಗೆ ಪೆಡಾಂಟಿಕ್ ಎರರ್. ಫ್ಲ್ಯಾಗ್‌ಗಳನ್ನ ಇಂಟರ್‌ಫೇಸ್ ಲೈಬ್ರರಿಗೆ ಹಾಕಿ, ಬಿಲ್ಡ್ ಡೈರೆಕ್ಟರಿ ಅಳಿಸಿ ಮತ್ತೆ ಮಾಡಿದೆ, ‘ಸಿಕ್ಕಿತು’ ಅಂತು. ಎರಡು ದಿನ ತಲೆ ಕೆಡಿಸಿಕೊಂಡಿದ್ದೆ ಇದಕ್ಕೆ.

ಎಣಿಕೆ: 1,846 ಸಾಲಲ್ಲಿ ಬೇರೆ ಬೇರೆಯಾದವು 412. ಎಸ್‌ಡಿಕೆಯ ಹೆಡರ್‌ಗಳನ್ನ ಸಿಸ್ಟಂ ಮಾಡಿ, ಅದರ ಫೈಲುಗಳನ್ನ ಪ್ರತ್ಯೇಕ ಲೈಬ್ರರಿ ಮಾಡಿದ ಮೇಲೆ ಉಳಿದದ್ದು 171. ಅದರಲ್ಲಿ 96 ಬರೀ ಬಳಸದ ಪ್ಯಾರಾಮೀಟರ್. ಹಾಳೆ ತಗೊಂಡು ಹೋಗಿ ಲೀಡ್‌ಗೆ ತೋರಿಸಿದೆ. ಅವರು ಐದು ನಿಮಿಷ ನೋಡಿದರು, ‘ಸರಿ, ಸ್ಮಾಲ್ ಡಬ್ಲ್ಯೂ ಬೇಡ’ ಅಂದರು.

ಎರಡು ಅನುಮಾನ ಉಳೀತು. ಒಂದು, ಟೈಪ್-ಲಿಮಿಟ್ಸ್ ನಮ್ಮಲ್ಲೂ ಎರಡು ಕಡೆ ಇದೆ, ಥೇಟ್ ನಿಮ್ಮ ಕಥೆಯ ಹಾಗೆ. ಸಹೋದ್ಯೋಗಿಯೊಬ್ಬರು ‘ಎಫ್-ಸೈನ್ಡ್-ಕ್ಯಾರ್ ಫ್ಲ್ಯಾಗ್ ಹಾಕಿದ್ರೆ ಆರ್ಮ್‌ನಲ್ಲೂ ಕ್ಯಾರ್ ಸೈನ್ಡ್ ಆಗುತ್ತೆ, ಕೋಡ್ ಮುಟ್ಟೋದೇ ಬೇಡ’ ಅಂತಿದ್ದಾರೆ. ಇನ್ನೊಂದು, ಮೇಬಿ-ಅನ್‌ಇನಿಷಿಯಲೈಸ್ಡ್ ನನ್ನ ಲ್ಯಾಪ್‌ಟಾಪಲ್ಲಿ ಒಂದೂ ಬರಲ್ಲ, ಬಿಲ್ಡ್ ಮಷೀನಲ್ಲಿ ಏಳು ಬರ್ತವೆ. ಕಂಪೈಲರ್ ಎರಡೂ ಕಡೆ ಒಂದೇ.

ಹಳೇ_ಮೇಕ್‌ಫೈಲ್

ಎಫ್-ಸೈನ್ಡ್-ಕ್ಯಾರ್ ಬೇಡವೇ ಬೇಡ. ಅದನ್ನು ಹಾಕಿದರೆ ವಾರ್ನಿಂಗ್ ಹೋಗುತ್ತದೆ, ತಪ್ಪು ಹೋಗುವುದಿಲ್ಲ. ಆಗ ಫೈಲಿನಲ್ಲಿ 255 ಬೆಲೆಯ ಒಂದು ಬೈಟ್ ಬಂದರೆ ಅದೇ ಮೈನಸ್ 1 ಆಗಿ ಕಂಡು, ಫೈಲು ಮಧ್ಯದಲ್ಲೇ ಮುಗಿಯಿತು ಎಂದುಕೊಳ್ಳುತ್ತದೆ ನಿಮ್ಮ ಪ್ರೋಗ್ರಾಂ. ಮೀಟರಿನಿಂದ ಬರುವುದು ಬೈನರಿ ಡೇಟಾ ಅಲ್ಲವೇ? 255 ಬಂದೇ ಬರುತ್ತದೆ. ವೇರಿಯಬಲ್ಲನ್ನು ಇಂಟ್ ಮಾಡಿ. ಎರಡು ಕಡೆ, ಎರಡು ಪದ, ಮುಗಿಯಿತು. ಹಾಗೆಯೇ ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಬಿಲ್ಡ್) ಇಂಟೆಲ್ ಬಿಲ್ಡ್ ಒಂದನ್ನೇ ನಂಬಬೇಡಿ. ಈ ವಾರ್ನಿಂಗ್ ಹುಟ್ಟುವುದೇ ಆರ್ಮ್ ಕ್ರಾಸ್ ಕಂಪೈಲರಿನಲ್ಲಿ, ಇಂಟೆಲ್‌ನಲ್ಲಿ ಅದೇ ಸಾಲು ನಿರ್ದೋಷಿಯಾಗಿ ಕಾಣುತ್ತದೆ.

ಏಳು ವಾರ್ನಿಂಗ್‌ಗಳ ವಿಷಯ: ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಿಬಗ್ ಬಿಲ್ಡ್, ಅಲ್ಲಿ ರಿಲೀಸ್ ಬಿಲ್ಡ್ ಇರಬೇಕು. ಆ ವಾರ್ನಿಂಗ್ ಆಪ್ಟಿಮೈಸರ್ ಮಾಡುವ ವಿಶ್ಲೇಷಣೆಯಿಂದ ಬರುವುದು, ಆಪ್ಟಿಮೈಸ್ ಮಾಡದ ಓ-ಸೊನ್ನೆಯಲ್ಲಿ ಆ ವಿಶ್ಲೇಷಣೆ ಬಹುತೇಕ ನಡೆಯುವುದೇ ಇಲ್ಲ. ಸಿಮೇಕ್ ಪ್ರಿಸೆಟ್ಸ್ ಫೈಲಿನಲ್ಲಿ ಎರಡು ಪ್ರಿಸೆಟ್ ಬರೆದಿಡಿ, ಸಿಐ ಏನು ಮಾಡುತ್ತದೋ ಅದನ್ನೇ ನೀವೂ ಒಂದು ಕಮಾಂಡಿನಲ್ಲಿ ಮಾಡುವ ಹಾಗಿರಲಿ. ಈ ಏಳರಲ್ಲಿ ಕೆಲವು ಸುಳ್ಳು ಎಚ್ಚರಿಕೆಗಳಿರಬಹುದು, ಇದು ಹಾಗೆ ತಪ್ಪುವುದುಂಟು. ಲಿನಕ್ಸ್ ಕರ್ನಲ್‌ನಲ್ಲೇ 2020ರಲ್ಲಿ ಇದನ್ನು ಮಾಮೂಲಿ ಬಿಲ್ಡ್‌ನಿಂದ ತೆಗೆದರು. ಆದರೂ ನಿಮ್ಮದು ಏಳೇ ಇವೆ. ಒಂದೊಂದಕ್ಕೂ ಹತ್ತು ನಿಮಿಷ ಕೊಡಿ.

ಬಳಸದ ಪ್ಯಾರಾಮೀಟರ್ 96ಕ್ಕೆ ಈಗ ಕೈ ಹಾಕಬೇಡಿ. ಕಾಲ್‌ಬ್ಯಾಕ್‌ಗಳಲ್ಲಿ ಅವು ಇರುವಂಥವೇ. ‘ನಮ್ಮ_ವಾರ್ನಿಂಗ್ಸ್’ ಒಳಗೆ ಒಂದು ಡಬ್ಲ್ಯೂ-ನೋ ಹಾಕಿ, ಪಕ್ಕದಲ್ಲೇ ಕಾಮೆಂಟ್‌ನಲ್ಲಿ ಯಾಕೆ, ಯಾವತ್ತು ಅಂತ ಬರೆಯಿರಿ. ನಿಮ್ಮ ಹೆಸರನ್ನೂ ಬರೆಯಿರಿ. ಹಿಂದಿನವರು ನಿಮಗೆ ಬಿಟ್ಟುಹೋಗದೇ ಇದ್ದದ್ದು ಅದೇ ತಾನೇ?

ನೀರ್‌ಮೀಟರ್

ಸರ್, ಇದನ್ನ ಹೇಳಲೇಬೇಕು ಅಂತ ರಾತ್ರಿ ಹನ್ನೊಂದಕ್ಕೆ ಬರೀತಿದ್ದೀನಿ.

ಹುಬ್ಬಳ್ಳಿ ಸರ್ ಹೇಳಿದ ಹಾಗೆ 23 ಡಬ್ಲ್ಯೂ-ನೋಗಳನ್ನ ಒಂದೊಂದಾಗಿ ತೆಗೆದು ಬಿಲ್ಡ್ ಮಾಡಿದೆ. 14 ತೆಗೆದಾಗ ಏನೂ ಆಗಲಿಲ್ಲ, ಒಂದೇ ಒಂದು ವಾರ್ನಿಂಗ್ ಬರಲಿಲ್ಲ. ಅವನ್ನ ಅಳಿಸಿದೆ. ಹದಿನೇಳನೆಯದು ಡಬ್ಲ್ಯೂ-ನೋ-ಪ್ಯಾರೆಂಥಿಸಸ್. ಅದನ್ನ ತೆಗೆದಾಗ ಮೂರು ಬಂದವು. ಎರಡು ಬರೀ ಬ್ರ್ಯಾಕೆಟ್ ಹಾಕಿ ಅನ್ನೋವು. ಮೂರನೆಯದು ಮೋಡೆಮ್‌ನಿಂದ ಸರ್ವರ್‌ಗೆ ರೀಡಿಂಗ್ ಕಳಿಸೋ ಫೈಲಲ್ಲಿ.

ಕಳಿಸಿದ ಫಲಿತಾಂಶ ‘ಆರ್‌ಸಿ’ ಅನ್ನೋ ವೇರಿಯಬಲ್ಲಲ್ಲಿ ಇರುತ್ತೆ, ಸೊನ್ನೆ ಅಂದ್ರೆ ಹೋಯ್ತು, ಬೇರೆ ಏನಾದ್ರೂ ಆದ್ರೆ ಹೋಗಿಲ್ಲ. ಮೊದಲ ಇಫ್‌ನಲ್ಲಿ ‘ಆರ್‌ಸಿ ಸೊನ್ನೆಗೆ ಸಮವಾ’ ಅಂತ ಎರಡು ಈಕ್ವಲ್ ಬರೀಬೇಕಾದ ಕಡೆ ಒಂದೇ ಈಕ್ವಲ್ ಇದೆ. ಅಂದ್ರೆ ಅಲ್ಲಿ ನೋಡೋದಲ್ಲ, ಆರ್‌ಸಿಗೆ ಸೊನ್ನೆ ತುಂಬೋದು. ಇಫ್ ಒಳಗೆ ಇರೋದು ಬರೀ ‘ಕಳಿಸಲಾಯಿತು’ ಅನ್ನೋ ಲಾಗ್ ಸಾಲು. ಅದು ಯಾವತ್ತೂ ಪ್ರಿಂಟ್ ಆಗಿಲ್ಲ, ಯಾರೂ ಗಮನಿಸಿಲ್ಲ. ಅದರ ಕೆಳಗಿನ ಇಫ್, ‘ಆರ್‌ಸಿ ಸೊನ್ನೆ ಅಲ್ಲದಿದ್ರೆ ರೀಡಿಂಗನ್ನ ಮತ್ತೆ ಸಾಲಿಗೆ ಹಾಕು’. ಆ ಹೊತ್ತಿಗೆ ಆರ್‌ಸಿ ಯಾವಾಗಲೂ ಸೊನ್ನೆ. ಮತ್ತೆ ಕಳಿಸೋ ಕೋಡ್ ಇದೆ, ಚೆನ್ನಾಗೇ ಬರೆದಿದ್ದಾರೆ, ಒಂದು ಸಲನೂ ಓಡಿಲ್ಲ.

ಎರಡು ವರ್ಷದಿಂದ ಅಪಾರ್ಟ್‌ಮೆಂಟಿನವರು ‘ಮಧ್ಯೆ ಮಧ್ಯೆ ಒಂದೊಂದು ಗಂಟೆಯ ರೀಡಿಂಗ್ ಇಲ್ಲ’ ಅಂತ ದೂರು ಕೊಡ್ತಿದ್ರು. ಬೇಸ್‌ಮೆಂಟಲ್ಲಿ ಸಿಗ್ನಲ್ ಸರಿಯಿಲ್ಲ ಅಂತ ನಾವು ಹೇಳ್ತಾ ಬಂದಿದ್ದೀವಿ. ಮೂರು ಕಡೆ ಆಂಟೆನಾನೂ ಬದಲಾಯಿಸಿದ್ದೀವಿ. ಸಿಗ್ನಲ್ ಹೋಗೋದು ನಿಜ, ಆದ್ರೆ ಬಂದ ಮೇಲೆ ಮತ್ತೆ ಕಳಿಸಬೇಕಿತ್ತಲ್ಲ.

ಆ ಡಬ್ಲ್ಯೂ-ನೋ ಯಾವತ್ತು ಬಂತು ಅಂತ ಗಿಟ್‌ನಲ್ಲಿ ನೋಡಿದೆ. ಈ ಫೈಲ್ ಸೇರಿಸಿದ ದಿನವೇ, ಅದೇ ಕಮಿಟ್‌ನಲ್ಲಿ. ಡಬ್ಲ್ಯೂ-ಎರರ್ ಬಿಲ್ಡ್ ನಿಲ್ಲಿಸಿರಬೇಕು, ಮುಂದೆ ಹೋಗೋಕೆ ಅದನ್ನ ಸೇರಿಸಿರಬೇಕು.

ಲೀಡ್‌ಗೆ ಆಗಲೇ ಫೋನ್ ಮಾಡಿದೆ. ನಾಳೆ ಬೆಳಗ್ಗೆ ಬೋರ್ಡಿನ ಆಂಟೆನಾ ಬಿಚ್ಚಿ, ಹತ್ತು ನಿಮಿಷ ಬಿಟ್ಟು, ಮತ್ತೆ ಸಿಕ್ಕಿಸಿ ನೋಡ್ತೀವಿ, ಸಾಲಲ್ಲಿ ನಿಂತ ರೀಡಿಂಗ್‌ಗಳು ಹೋಗ್ತವಾ ಅಂತ. ಎರಡನೇ ಈಕ್ವಲ್ ಈಗಷ್ಟೇ ಹಾಕಿದ್ದೀನಿ. ಉಳಿದ ಆರು ಡಬ್ಲ್ಯೂ-ನೋ ನಾಳೆ ಮಧ್ಯಾಹ್ನ ನೋಡ್ತೀನಿ.